ಕಲ್ಲಿಗೆ ಮರಳದ ಹಾವು

“ಈ ಮನೇಲಿ ಊಟ ಅಂತ ಮಾಡೋರು ಯಾರಾದ್ರೂ ಇದಾರೋ ಇಲ್ವೋ?”

ಬೆರಾರ್ದಿನೊ ಇದನ್ನು ಯಾರನ್ನು ಕುರಿತೂ ಕೇಳಲಿಲ್ಲ. ಕೈಯಲ್ಲೊಂದು ಕೋಳಿಮೊಟ್ಟೆ ಹಿಡಿದು, ಒಲೆಯ ಪಕ್ಕದ ಗೋಡೆಗೆ ಮುಖಮಾಡಿ ನಿಂತಿದ್ದವನ ಬಾಯಿಂದ ಮಾತು ತಾನಾಗಿ ಬಂತು. ಮೇಜಿನ ಬಳಿ ಕೂತು ಮಸೂರ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದ ಅವನ ಹೆಂಡತಿ ಎರ್ಸಿಲಿಯಾ ತಲೆಯೆತ್ತಲಿಲ್ಲ.

“ನಾನು ಮಾಡ್ತೀನಿ. ನೀನೂ ಮಾಡ್ತೀಯ. ನಿನ್ನೆ ನನ್ನ ತಟ್ಟೇಲಿದ್ದ ಸಾಸೇಜೂ ನಿನ್ನ ಹೊಟ್ಟೇಲೇ ಇದೆ. ಊಟ ಬಿಟ್ಟಿರೋದು ನಿನ್ನ ಅಮ್ಮಾವ್ರು ಒಬ್ರೇ.”

“ಮೊಟ್ಟೆ ಬೆಚ್ಚಗೆ ಮಾಡಿ ಕೊಟ್ಟೆ ನೋಡು. ಕೋಳಿ ಈಗ ತಾನೇ ಇಟ್ಟ ಹಾಗಿದೆ. ಆದ್ರೂ ಮೂಸಿ ನೋಡಲ್ಲ ಅಂದ್ರೆ.”

“ಇಷ್ಟು ವರ್ಷದಲ್ಲಿ ನನಗೊಂದು ಮೊಟ್ಟೆ ಬೇಯಿಸಿ ಕೊಟ್ಟೋನಲ್ಲ ನೀನು. ಇಲ್ಲಿ ಕೊಡು, ಮೂಸೋದೇನು, ತಿಂದೇ ತೋರಿಸ್ತೀನಿ.”

ಅವನು ಕೊಡಲಿಲ್ಲ. ಸೊಂಟ ಹಿಡಿದುಕೊಂಡು ಬಗ್ಗಿ, ಒಲೆಯ ಪಕ್ಕದ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿ, ಮೊಟ್ಟೆಯನ್ನು ಮತ್ತೆ ಒಳಗಿಟ್ಟ. ರೊಟ್ಟಿಯ ಹಿಟ್ಟು ನಾದಿ ಉಬ್ಬಲು ಇಡುವ ಪೆಟ್ಟಿಗೆ ಅದು, ಅವನ ತಾಯಿಯ ಕಾಲದ್ದು. ಹೋದ ಮೇ ತಿಂಗಳಿಂದ ಅದರಲ್ಲಿ ಹಿಟ್ಟಿಲ್ಲ, ಹಾವಿದೆ. ಒಣಹುಲ್ಲಿನ ಬಣ್ಣದ ಮೈ, ಬೆನ್ನುದ್ದಕ್ಕೂ ನಾಲ್ಕು ಕಪ್ಪು ಗೆರೆ, ವಿಷವಿಲ್ಲದ ಜಾತಿ. ಬೆರಾರ್ದಿನೊ ಅದನ್ನು ಸಿನ್ಯೋರಾ ಎಂದು ಕರೆಯುತ್ತಿದ್ದ. ಅಮ್ಮಾವ್ರು ಎಂದು ಕರೆದ ಹಾಗೆ.

ಅಬ್ರುಟ್ಸೊ ಬೆಟ್ಟಗಳ ಆ ಊರಿನಲ್ಲಿ ಮನೆಯೊಳಗೆ ಹಾವು ಇರುವುದೇನೂ ದೊಡ್ಡ ಸಂಗತಿಯಲ್ಲ. ಹಿಮ ಕರಗಿ ಬಂಡೆಗಳಿಗೆ ಬಿಸಿಲು ತಾಗಿದ ಮೇಲೆ ಹಾವಿನವರು ಬೆಟ್ಟಕ್ಕೆ ಹೋಗುತ್ತಾರೆ, ಹಿಡಿದ ಹಾವನ್ನು ಹಬ್ಬದವರೆಗೆ ಮನೆಯಲ್ಲಿ ಜೋಪಾನ ಮಾಡುತ್ತಾರೆ. ಮೇ ತಿಂಗಳ ಮೊದಲ ದಿನ ದೊಮೆನಿಕೊ ಸಂತನ ಮೂರ್ತಿ ಚರ್ಚಿನ ಬಾಗಿಲು ದಾಟುತ್ತಿದ್ದಂತೆ ಅದರ ಕೊರಳಿಗೂ ಹೆಗಲಿಗೂ ಜೀವಂತ ಹಾವುಗಳು ಹಾರದಂತೆ ಬೀಳುತ್ತವೆ. ಹಾವಿನವರು ತಾವೂ ಒಂದೊಂದನ್ನು ಹೆಗಲಿಗೆ ಹಾಕಿಕೊಂಡು ಸಂತನ ಪಕ್ಕದಲ್ಲಿ ನಡೆಯುತ್ತಾರೆ. ಮಾರನೆಯ ದಿನ ಹಾವನ್ನು ಹಿಡಿದ ಕಲ್ಲಿನ ಬುಡಕ್ಕೇ ಬಿಟ್ಟು ಬರಬೇಕು. ಹತ್ತಿರದ ಕಲ್ಲಿಗಲ್ಲ, ಅದೇ ಕಲ್ಲಿಗೆ. ಬಿಟ್ಟೆಯಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳುವುದೇ ಅವಮಾನ.

ಬೆರಾರ್ದಿನೊನ ಅಪ್ಪ ಹಾವಿನವನು, ಅಜ್ಜನೂ ಹಾವಿನವನು. ಇವನ ಸೊಂಟ ಮುರಿದದ್ದು ಮಾತ್ರ ಹಾವಿನ ಹಿಂದೆ ಹೋಗಿಯಲ್ಲ. ಮನೆಯ ಮೆಟ್ಟಿಲ ಮೇಲೆ ಜಾರಿ. ಆ ಕತೆ ಅವನಿಗೆ ಒಪ್ಪಿಗೆಯಾಗದ್ದರಿಂದ ಬಂಡೆಯಿಂದ ಬಿದ್ದೆ ಎಂದು ಊರಿಗೆಲ್ಲ ಹೇಳಿದ. ಎರ್ಸಿಲಿಯಾ ಅದಕ್ಕೂ ಹೂಂ ಅಂದಿದ್ದಳು. ಹೋದ ವರ್ಷ ಹೇಗೋ ಹಳ್ಳದ ದಂಡೆಯ ಪಾಳು ಗಿರಣಿಯವರೆಗೆ ಕುಂಟುತ್ತ ಇಳಿದು, ಗೋಡೆಯ ಬುಡದಲ್ಲಿ ಮಂಡಿಯೂರಿ ತೆವಳಿ ಈ ಹಾವನ್ನು ಹಿಡಿದಿದ್ದ. ಊರು ಭುಜ ತಟ್ಟಿತು. ಇದೇ ಕೊನೆಯದು, ಇನ್ನು ತನ್ನಿಂದಾಗದು ಎಂದು ಅವನಿಗೊಬ್ಬನಿಗೇ ಗೊತ್ತಿತ್ತು. ಹಬ್ಬದ ಮಾರನೆಯ ದಿನ ಚೀಲ ಹೊತ್ತು ಗಿರಣಿಯ ಕಡೆ ಹೋದ, ಬರಿಯ ಚೀಲ ತಂದು ಗೂಟಕ್ಕೆ ನೇತುಹಾಕಿದ. ಸಂಜೆ ಹಿಟ್ಟು ನಾದಲು ಎರ್ಸಿಲಿಯಾ ಪೆಟ್ಟಿಗೆ ತೆರೆದಳು.

“ಬಿಟ್ಟು ಬಂದೆ ಅಂದ್ಯಲ್ಲ.”

“ಬಿಟ್ಟೆ. ಇಲ್ಲಿ ಬಿಟ್ಟೆ. ಮುಚ್ಚಳ ಹಾಕು, ಗಾಳಿ ತಾಗುತ್ತೆ.”

“ಸಂತನಿಗೆ ಏನು ಹೇಳ್ತೀಯ?”

“ಮುಂದಿನ ವರ್ಷವೂ ಅವನ ಪಕ್ಕದಲ್ಲೇ ನಡೀತೀನಲ್ಲ, ಆಗ ಹೇಳ್ತೀನಿ. ಬೆಟ್ಟಕ್ಕೆ ಹೋಗೋ ಕೆಲಸವೇ ಇಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಎರ್ಸಿಲಿಯಾ ಆಗಲೇ ಆಡಬೇಕಾಗಿದ್ದ ಮಾತನ್ನು ಆಡಲಿಲ್ಲ. ಅವಳಿಗೂ ಅದರಲ್ಲಿ ಪಾಲಿತ್ತು. ಮಕ್ಕಳಿಲ್ಲದ ಹೆಂಗಸು, ವರ್ಷವೆಲ್ಲ ರೊಟ್ಟಿಯಂಗಡಿಯ ಸಾಲಿನಲ್ಲಿ ಅವಳನ್ನು ತಳ್ಳಿಕೊಂಡು ಮುಂದೆ ಹೋಗುವ ಹೆಂಗಸರು ಹಬ್ಬದ ಆ ಒಂದು ದಿನ ಸರಿದು ದಾರಿ ಬಿಡುತ್ತಿದ್ದರು. ಮೆರವಣಿಗೆಯಲ್ಲಿ ಬಳೆಯಾಕಾರದ ಸಿಹಿರೊಟ್ಟಿಗಳ ಬುಟ್ಟಿಯ ಹಿಂದೆ, ಸಂತನ ಬೆನ್ನಿಗೇ, ಹಾವಿನವನ ಹೆಂಡತಿಯೆಂದು ಅವಳಿಗೆ ಜಾಗವಿತ್ತು. ಆ ಜಾಗ ಬಿಟ್ಟುಕೊಡಲು ಅವಳಿಗೂ ಮನಸ್ಸಿರಲಿಲ್ಲ. ಹಿಟ್ಟನ್ನು ಮಣ್ಣಿನ ಬೋಗುಣಿಯಲ್ಲಿ ನಾದಿದಳು.

ಬೇಸಗೆಯಲ್ಲಿ ಹಾವು ಚೆನ್ನಾಗಿ ತಿಂದಿತು. ಮೊಟ್ಟೆ ನುಂಗಿ, ಗಂಟಲು ಉಬ್ಬಿಸಿ, ತೃಪ್ತಿಯಿಂದ ಸುರುಳಿ ಸುತ್ತಿ ಮಲಗುತ್ತಿತ್ತು. ಬೆರಾರ್ದಿನೊ ಬಲೆ ಒಡ್ಡಿ ಇಲಿ ಹಿಡಿದು ಕೊಟ್ಟ. ಆದರೆ ದ್ರಾಕ್ಷಿ ಕುಯ್ಲು ಮುಗಿದು ಒಲೆ ಹಗಲೂ ಉರಿಯತೊಡಗಿದ ಮೇಲೆ ಅದು ಬಾಯಿ ಮುಚ್ಚಿತು. ಹೊರಗೆ ಅದರ ಬಳಗವೆಲ್ಲ ಮಣ್ಣಿನಡಿ ತಣ್ಣಗೆ ನಿದ್ದೆಹೋಗಿತ್ತು. ಇದೊಂದು ಮಾತ್ರ ಒಲೆಯ ಬಿಸಿಗೆ ನಿದ್ದೆಯೂ ಇಲ್ಲದೆ, ಊಟವೂ ಇಲ್ಲದೆ, ಪೆಟ್ಟಿಗೆಯ ಹಲಗೆಗೆ ಮೂತಿ ಒತ್ತಿ ಒತ್ತಿ ಮೂತಿಯ ತೊಗಲು ಸುಲಿದುಕೊಂಡಿತ್ತು. ಪೆಟ್ಟಿಗೆಯನ್ನು ತಣ್ಣನೆಯ ನೆಲಮಾಳಿಗೆಗೆ ಒಯ್ಯೋಣ ಎಂದು ಎರ್ಸಿಲಿಯಾ ಒಮ್ಮೆ ಅಂದಳು. ಅಲ್ಲಿ ಹಾವು ಸೆಟೆದು ಸತ್ತರೆ ಗತಿಯೇನು ಎಂದು ಅವನು ಒಪ್ಪಲಿಲ್ಲ. ನಿಜವೇನೆಂದರೆ ನೆಲಮಾಳಿಗೆಯ ಮೆಟ್ಟಿಲು ಇಳಿದು ದಿನಾ ಅದನ್ನು ನೋಡುವುದು ಅವನ ಸೊಂಟಕ್ಕೆ ಆಗುತ್ತಿರಲಿಲ್ಲ.

ಎರ್ಸಿಲಿಯಾಳ ಅಜ್ಜಿಗೆ ಸಂತನ ಪದಗಳು ಬಾಯಿಗೆ ಬರುತ್ತಿದ್ದವು. ಚಳಿಗಾಲದ ಸಂಜೆ ಉಣ್ಣೆ ನೂಲುತ್ತ ಹೇಳುತ್ತಿದ್ದಳು, ಹುಡುಗಿ ಮಡಿಲ ಮೇಲೆ ತಲೆಯಿಟ್ಟು ಕೇಳುತ್ತಿದ್ದಳು. ಸಂತ ಹಾವಿಗೆ ಮಾತು ಕೊಟ್ಟ ಪದ ಅದರಲ್ಲೊಂದು:

ಒಂದು ದಿನ ನನ್ನ ಹೆಗಲ ಮೇಲಿರು,
ಉಳಿದ ದಿನವೆಲ್ಲ ನಿನ್ನ ಕಲ್ಲಡಿ;
ಬೇಡಿ ತಂದವನು ಮರಳಿ ಬಿಡಲಿ,
ಕೂಡಿಟ್ಟ ಕೈಯ ತುತ್ತು ಮುಟ್ಟದಿರು.

ಬೇಳೆ ಆರಿಸುತ್ತ ಅವಳು ಇದನ್ನು ಮೆಲ್ಲಗೆ ಗುನುಗಿದಾಗ ಬೆರಾರ್ದಿನೊ ಗುದ್ದು ತಿಂದವನಂತೆ ಮುಖ ಮಾಡಿದ.

“ನಿನ್ನ ಅಜ್ಜಿಗೆ ಹಾವಿನ ಹೊಟ್ಟೆ ವಿಚಾರ ಏನು ಗೊತ್ತು. ಇದಕ್ಕೆ ರುಚಿ ಕೆಟ್ಟಿದೆ ಅಷ್ಟೆ.”

“ಇರಬಹುದು. ನಿನ್ನ ಮನೇಲಿದ್ದು ನನಗೂ ಕೆಟ್ಟಿದೆ.”

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಬಂದವು. ಆಗ ಒಂದು ಮಧ್ಯಾಹ್ನ ಲೊರೆತೊ ಬಂದ. ಬೆರಾರ್ದಿನೊನ ತಂಗಿಯ ಮಗ, ನಲವತ್ತರ ಗಂಡಸು. ಹಾವು ಹಿಡಿಯುವುದನ್ನು ಸೋದರಮಾವನಿಂದಲೇ ಕಲಿತವನು. ಎರ್ಸಿಲಿಯಾ ಅವನ ಹೆಜ್ಜೆಯ ಸದ್ದು ಕೇಳಿದವಳೇ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಇಸ್ತ್ರಿಯ ಬಟ್ಟೆಗಳನ್ನು ಒಟ್ಟಿದಳು.

“ಏನತ್ತೆ, ಉಪವಾಸ ಜೋರಾ? ಮಾವನ ಮುಖ ನೋಡಿದ್ರೆ ಮೂರು ದಿನದಿಂದ ನೀರೂ ಕುಡಿದ ಹಾಗಿಲ್ಲ.”

“ನಿಮ್ಮ ಮಾವ ಉಪವಾಸ ಬೇರೆಯವರ ಕೈಲಿ ಮಾಡಿಸ್ತಾನೆ. ಕೂತ್ಕೋ, ವೈನ್ ತರ್ತೀನಿ.”

ಲೊರೆತೊ ಕೂತ. ಎರಡು ಗುಟುಕು ಕುಡಿದ. ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಹೇಳಲು ಬಂದದ್ದನ್ನು ಹೇಳಿದ.

“ಮಾವ, ಈ ಸಲ ನೀನು ಬೆಟ್ಟದ ಕಡೆ ಹೋಗ್ಬೇಡ. ನಾನು ಎರಡು ಹಿಡೀತೀನಿ. ಒಂದು ನಿನ್ನ ಹೆಗಲಿಗೆ. ಯಾರು ಹಿಡಿದ್ರು ಅಂತ ಯಾರು ಕೇಳ್ತಾರೆ?”

ಎರ್ಸಿಲಿಯಾಳ ಎದೆ ಒಂದು ಗಳಿಗೆ ಹಗುರಾಯಿತು. ಈ ಸುಳ್ಳಿನಿಂದ ಪಾರಾಗುವ ಬಾಗಿಲು ತಾನಾಗಿ ತೆರೆದಿತ್ತು. ಹೊರಗೆ ಕಾಲಿಟ್ಟರೆ ಸಾಕಿತ್ತು.

“ನಾನು ಕೇಳ್ಕೋತೀನಿ,” ಅಂದ ಬೆರಾರ್ದಿನೊ. “ಇನ್ನೊಬ್ಬ ಹಿಡಿದ ಹಾವು ಹೊತ್ತು ನಡೆಯೋದಕ್ಕೆ ನಾನೇನು ಕ್ಯಾಮೆರಾ ತಗೊಂಡು ರೋಮಿನಿಂದ ಬಂದೋನಾ? ನನ್ನ ಹಾವು ನಾನು ತರ್ತೀನಿ. ನಿನ್ನದಕ್ಕಿಂತ ಒಂದು ಮೊಳ ಉದ್ದದ್ದು ತರ್ತೀನಿ, ನೋಡ್ತಿರು.”

“ಬೇಜಾರು ಮಾಡ್ಕೋಬೇಡ ಮಾವ. ನಿನ್ನ ಸೊಂಟ ನೋಡಿ ಅಂದೆ.”

“ನನ್ನ ಸೊಂಟ ನನ್ನ ಹತ್ರ ಇದೆ. ನಿನ್ನ ಹತ್ರ ತಂದು ಇಟ್ಟಿಲ್ಲವಲ್ಲ.”

ಲೊರೆತೊ ನಕ್ಕ. ಆಮೇಲೆ ಮೂಗೆಳೆದ. “ಅತ್ತೆ, ಇಲ್ಲಿ ಹಾವಿನ ವಾಸನೆ ಬರ್ತಿದೆಯಲ್ಲ. ಅವು ಇನ್ನೂ ಮಣ್ಣೊಳಗಿಂದ ಎದ್ದೇ ಇಲ್ಲ.”

ಬೆರಾರ್ದಿನೊ ಹೆಂಡತಿಯ ಕಡೆ ನೋಡಿದ. ಕೇಳಿದ್ದು ಅವಳನ್ನು, ಉತ್ತರ ಅವಳೇ ಕೊಡಬೇಕಾಯಿತು.

“ಹಳೆ ಚೀಲ ಒಗೆದು ಒಣಗಿ ಹಾಕಿದೀನಿ,” ಅಂದಳು. “ನಿಮ್ಮ ಮಾವನ ಚೀಲ ಎಷ್ಟು ಒಗೆದ್ರೂ ಅಷ್ಟೇ.”

ಲೊರೆತೊ ತಲೆಯಾಡಿಸಿ ಎದ್ದ. ಅವನು ನಂಬಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಬಾಯಿಬಿಟ್ಟು ಆಡಿದ ಪಂಥ ಇನ್ನು ಊರಿನ ಆಸ್ತಿ. ಸಂಜೆಯೊಳಗೆ ವೈನಿನಂಗಡಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ: ಬೆರಾರ್ದಿನೊ ಈ ವರ್ಷ ಲೊರೆತೊನದಕ್ಕಿಂತ ಉದ್ದದ ಹಾವು ತರುತ್ತಾನಂತೆ.

ಅಂದಿನಿಂದ ಅವನಿಗೆ ಹಾವನ್ನು ಉಣ್ಣಿಸುವುದೇ ಕೆಲಸವಾಯಿತು. ಸತ್ತ ಇಲಿಗೆ ಕೋಳಿಪುಕ್ಕ ಉಜ್ಜಿ ಇಟ್ಟ. ದಾರ ಕಟ್ಟಿ ಅದರ ಮೂತಿಯ ಮುಂದೆ ಎಳೆದಾಡಿದ. ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿ ಕಾದ. ಆಗಷ್ಟೇ ಮೊಟ್ಟೆಯೊಡೆದು ಬಂದ ಕೋಳಿಮರಿಯನ್ನು ಒಳಗೆ ಬಿಟ್ಟ; ಮರಿ ಹಾವಿನ ಸುರುಳಿಯ ನಡುವೆ ಹತ್ತಿ ಕೂತು ಬೆಚ್ಚಗೆ ನಿದ್ದೆ ಮಾಡಿತು. ಅದನ್ನು ನೋಡಿ ಎರ್ಸಿಲಿಯಾ ನಕ್ಕುಬಿಟ್ಟಳು. ಅವನು ಮರಿಯನ್ನೆತ್ತಿ ಕೋಳಿಗೂಡಿಗೆ ಎಸೆದ.

ಕೊನೆಗೆ ಒಂದು ದಿನ ಮೊಟ್ಟೆಯ ಲೋಳೆಯನ್ನು ಬಟ್ಟಲಲ್ಲಿ ಕಲಸಿ, ಕುರಿಮರಿಗೆ ಔಷಧ ಕುಡಿಸುವ ಕೊಳವೆ ತಂದು, “ಹಿಡಿ” ಅಂದ.

“ನಾನ್ಯಾಕೆ?”

“ನನ್ನ ಕೈ ನಡುಗುತ್ತೆ. ನೀನು ದವಡೆ ಬಿಡಿಸಿ ಹಿಡಿ, ನಾನು ಹೊಯ್ತೀನಿ.”

ಅವಳು ಹಿಡಿದಳು. ಬೆರಳಿಗೆ ಹಾವಿನ ಬೆನ್ನೆಲುಬು ಮನೆಯ ಮಾಡಿನ ಏಣಿನಂತೆ ತಾಗಿತು. ಎರಡು ಪಕ್ಕದಲ್ಲೂ ಮಾಂಸ ಇಳಿದುಹೋಗಿತ್ತು. ಅದು ಕಚ್ಚಲಿ ಎಂದು ಅವಳು ಹಾರೈಸಿದಳು. ಕಚ್ಚಲಿಲ್ಲ. ಬಾಯಿ ತೆರೆಸಿದ್ದಕ್ಕೆ ತೆರೆಯಿತು, ಹೊಯ್ದದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿತು, ಆಮೇಲೆ ಅವಳ ಮುಂಗೈಯ ಮೇಲೆಯೇ ಹರಿಯಬಿಟ್ಟಿತು. ಸಿಟ್ಟಿಲ್ಲ, ಸೆಡವಿಲ್ಲ. ಎರ್ಸಿಲಿಯಾ ಕೈ ತೊಳೆದಳು, ಮತ್ತೆ ತೊಳೆದಳು. ಆ ರಾತ್ರಿಯ ಪ್ರಾರ್ಥನೆಯಲ್ಲಿ ಸಂತನ ಹೆಸರು ಬಂದ ಕಡೆ ಅವಳ ನಾಲಿಗೆ ಅದನ್ನು ಹಾರಿಸಿ ಮುಂದಕ್ಕೆ ಹೋಯಿತು.

ಏಪ್ರಿಲಿನಲ್ಲಿ ಬಾದಾಮಿ ಮರಗಳ ಹೂವು ಉದುರಿ, ಬಂಡೆಗಳು ಬಿಸಿಯಾಗಿ, ಹಾವಿನವರು ಚೀಲ ಹೊತ್ತು ಹೊರಟರು. ಬೆರಾರ್ದಿನೊ ಕೂಡ ಕೋಲು ಊರಿಕೊಂಡು ಎಲ್ಲರಿಗೂ ಕಾಣುವಂತೆ ಹಳ್ಳದ ಕಡೆ ಒಂದಷ್ಟು ದೂರ ಹೋಗಿ ಬಂದ. ಸಿಕ್ಕಿತು, ಮನೆಯಲ್ಲಿಟ್ಟಿದ್ದೇನೆ, ಹಬ್ಬದ ದಿನ ನೋಡುವಿರಂತೆ ಎಂದ. ಮಾರನೆಯ ದಿನ ಅವನು ಕ್ಷೌರಕ್ಕೆಂದು ಹೋದದ್ದನ್ನು ನೋಡಿಕೊಂಡು ಎರ್ಸಿಲಿಯಾ ಪೆಟ್ಟಿಗೆ ತೆರೆದಳು. ಹಾವನ್ನು ಮಡಿಲಿನ ಬಟ್ಟೆಯಲ್ಲಿ ಸುತ್ತಿಕೊಂಡು ಹಿತ್ತಲಿನ ದಾರಿಯಿಂದ ಪಾಳು ಗಿರಣಿಗೆ ಇಳಿದಳು. ಗಂಡನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದಳು. ತಪ್ಪಿಸಿಕೊಂಡಿತು ಅಂದರಾಯಿತು. ಅವನು ಬೈಯಲಿ, ಹೊಡೆಯಲಿ. ಮೆರವಣಿಗೆಯಲ್ಲಿ ನಡೆಯುವ ಜಾಗ ಅವನದೂ ಹೋಗುತ್ತದೆ, ನನ್ನದೂ ಹೋಗುತ್ತದೆ. ಹೋಗಲಿ.

ಗಿರಣಿಯ ಗೋಡೆಯ ಬುಡದಲ್ಲಿ ಬಿಸಿಲಿತ್ತು. ಹಳ್ಳ ತುಂಬಿ ಹರಿಯುತ್ತಿತ್ತು. ಅವಳು ಹಾವನ್ನು ಕಲ್ಲಿನ ಸಂದಿಯ ಬಾಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

“ಹೋಗು ತಾಯಿ,” ಅಂದಳು. “ನಿನ್ನ ಕಲ್ಲು ಇದೇ. ಹೋಗು.”

ಹಾವು ನಾಲಿಗೆ ಆಡಿಸಿತು. ತಲೆಯೆತ್ತಿ ಅತ್ತ ನೋಡಿತು, ಇತ್ತ ನೋಡಿತು. ಕಲ್ಲಿನ ಸಂದಿಗೆ ಮೂತಿ ತಾಗಿಸಿ, ಅಲ್ಲಿಯ ತಂಪಿಗೆ ಬೆಂಕಿ ಮುಟ್ಟಿದವರಂತೆ ಹಿಂದಕ್ಕೆಳೆದುಕೊಂಡಿತು. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ಹುಲ್ಲು ದಾಟಿ ಬಂದು ಅವಳ ಬೂಟಿನ ಮೇಲೆ ತಲೆಯಿಟ್ಟಿತು. ಅವಳು ಕಾಲು ಸರಿಸಿದಳು. ಅದು ಮತ್ತೆ ಬಂತು. ಮೇಲೆ ಆಕಾಶದಲ್ಲಿ ಒಂದು ಗಿಡುಗ ಸುತ್ತುತ್ತಿತ್ತು. ಎರ್ಸಿಲಿಯಾ ಕಲ್ಲಿನ ಮೇಲೆ ಕೂತುಬಿಟ್ಟಳು. ಕೆಟ್ಟದ್ದನ್ನು ಮಾಡಲು ತಾನೂ ಕೈಜೋಡಿಸಿದ್ದಳು. ಅದನ್ನು ಸರಿಮಾಡಲು ಅದೇ ಕೈಗೆ ಬರಲಿಲ್ಲ. ಬಿಟ್ಟು ಹೋದರೆ ಹೊತ್ತು ಮುಳುಗುವುದರೊಳಗೆ ಗಿಡುಗದ ಪಾಲು. ಒಯ್ದರೆ ಪೆಟ್ಟಿಗೆಯ ಪಾಲು. ಅವಳು ಹಾವನ್ನು ಮತ್ತೆ ಮಡಿಲಿಗೆ ತೆಗೆದುಕೊಂಡಳು. ಅದು ಬಟ್ಟೆಯ ಬಿಸುಪಿಗೆ ಸುರುಳಿ ಸುತ್ತಿಕೊಂಡಿತು. ಮನೆಗೆ ಬಂದು ಪೆಟ್ಟಿಗೆಗೆ ಹಾಕಿದಳು. ಬೆರಾರ್ದಿನೊನಿಗೆ ಗೊತ್ತಾಗಲೇ ಇಲ್ಲ.

ಹಬ್ಬದ ಬೆಳಗ್ಗೆ ಊರು ಗಂಟೆಯ ಸದ್ದಿಗೆ ಎದ್ದಿತು. ವಾದ್ಯದವರು ಮೇಲಿನ ಚೌಕದಲ್ಲಿ ಊದಿ ನೋಡುತ್ತಿದ್ದರು. ಎರ್ಸಿಲಿಯಾ ಕಪ್ಪು ಉಡುಪು ತೊಟ್ಟು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಗ ಅಡುಗೆಮನೆಯಲ್ಲಿ ಪೆಟ್ಟಿಗೆಯ ಮುಚ್ಚಳ ಎತ್ತಿದ ಸದ್ದಾಯಿತು. ಇಳಿಸಿದ ಸದ್ದು ಆಗಲಿಲ್ಲ.

ಅವಳು ಬಂದು ನೋಡಿದಳು. ಬೆರಾರ್ದಿನೊ ಬಿಳಿಯ ಅಂಗಿ, ಮದುವೆಯ ಕರಿಯ ಕೋಟು ತೊಟ್ಟು ಒಲೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದ. ಹಾವು ಅವನ ತೊಡೆಯ ಮೇಲಿತ್ತು. ಅದರ ಮೈಯನ್ನು ಎರಡು ಕೈಯಲ್ಲೂ ಉಜ್ಜುತ್ತಿದ್ದ.

“ಚಳಿಗೆ ಮರಗಟ್ಟಿದೆ,” ಅಂದ. “ಬಿಸಿ ತಾಗಿದ್ರೆ ಸರಿಹೋಗುತ್ತೆ.”

ಎರ್ಸಿಲಿಯಾ ಬಗ್ಗಿ ಹಾವಿನ ತಲೆಯನ್ನು ಬೆರಳಿಂದ ಎತ್ತಿ ಬಿಟ್ಟಳು. ಅದು ಹಾಗೇ ಕೆಳಗೆ ಬಿತ್ತು.

“ಸತ್ತಿದೆ ಬೆರಾರ್ದಿ.”

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಉಜ್ಜಿದ. ಆಮೇಲೆ ಕೈ ತಾನಾಗಿ ನಿಂತಿತು. ಅವನ ಕಣ್ಣಲ್ಲಿ ನೀರೇನೂ ಬರಲಿಲ್ಲ. ಲೆಕ್ಕ ಹಾಕುವವನ ಕಣ್ಣಿನಂತೆ ಅದು ಕಿರಿದಾಯಿತು.

“ಸೂಜಿ ದಾರ ಎಲ್ಲಿದೆ?”

“ಯಾಕೆ?”

“ಇದನ್ನ ಕೋಟಿಗೆ ಹಾಕಿ ಹೊಲಿ. ಕತ್ತಿನ ಪಟ್ಟಿ ಹತ್ರ ಒಂದು ಹೊಲಿಗೆ, ತೋಳಿನ ಹತ್ರ ಒಂದು, ಮುಂಗೈ ಹತ್ರ ಒಂದು. ತಲೆ ನಾನು ಅಂಗೈಯಲ್ಲಿ ಹಿಡ್ಕೋತೀನಿ. ಬೆಳಗಿನ ಚಳಿ ನೋಡು, ಹಾವು ಮಲಗಿದೆ ಅಂತಾರೆ.”

“ಸಂತನ ಕೊರಳಿಗೆ?”

“ಸಂತನಿಗೆ ಲೊರೆತೊ ಹಾಕ್ತಾನೆ, ಬೇರೆಯವರು ಹಾಕ್ತಾರೆ. ನಾನು ಪಕ್ಕದಲ್ಲಿ ನಡೀತೀನಿ ಅಷ್ಟೆ. ಚರ್ಚಿನಿಂದ ಚೌಕದವರೆಗೆ.”

“ಲೊರೆತೊನ ಕೇಳು. ಅವತ್ತು ಹೇಳಿದ ಹಾಗೆ ಎರಡು ಹಿಡಿದಿರ್ತಾನೆ.”

“ಅವನ ಮುಂದೆ ಕೈ ಚಾಚು ಅಂತೀಯಾ? ಊರೆಲ್ಲ ನನ್ನ ಹಾವು ನೋಡೋಕೆ ನಿಂತಿರೋವಾಗ?”

ಅವನೇ ಎದ್ದು ಕಿಟಕಿಯ ಗೂಡಿನಿಂದ ಸೂಜಿಯನ್ನೂ ಕರಿಯ ದಾರದ ಉಂಡೆಯನ್ನೂ ತಂದ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯ ಕಣ್ಣಿಗೆ ಹಿಡಿದು, ತಪ್ಪಿದ. ಮತ್ತೆ ಹಿಡಿದು ಮತ್ತೆ ತಪ್ಪಿದ. ಹೊರಗೆ ಯಾರೋ ನಗುತ್ತ ಬೀದಿ ಇಳಿದರು. ಕಿಟಕಿಯ ಕೆಳಗಿಂದ ಲೊರೆತೊನ ಸ್ವರ ಕೇಳಿಸಿತು.

“ಮಾವ, ಹೊತ್ತಾಯ್ತು. ಅತ್ತೆ, ಮಾವನನ್ನ ಹೊರಡಿಸಿ. ಎಲ್ಲರೂ ನಿಂಗೇ ಕಾಯ್ತಿದಾರೆ ಮಾವ.”

“ಬಂದೆ,” ಎಂದು ಬೆರಾರ್ದಿನೊ ಕೂಗಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಅವಳು ಎಂದೂ ಕೇಳದಷ್ಟು ಮೆತ್ತಗೆ ಹೇಳಿದ: “ಇಷ್ಟು ವರ್ಷದಲ್ಲಿ ನಿನ್ನ ಹತ್ರ ನಾನು ಏನು ಕೇಳಿದೀನಿ ಎರ್ಸಿಲಿಯಾ? ಮೂರೇ ಮೂರು ಹೊಲಿಗೆ. ಇವತ್ತೊಂದು ದಿನ. ಆಮೇಲೆ ನೀನೇ ಇದನ್ನ ಹೂತು ಬಾ, ನಾನು ಮಾತಾಡಲ್ಲ.”

ಅವನ ಅಂಗೈಯಲ್ಲಿ ಸೂಜಿಯಿತ್ತು, ದಾರವಿತ್ತು. ತೋಳಿನ ಮೇಲೆ ಹಾವು ನೇತಾಡುತ್ತಿತ್ತು. ಅವಳಿಗೆ ಮಡಿಲ ಬಟ್ಟೆಯ ಬಿಸುಪು ನೆನಪಾಯಿತು. ಬುಟ್ಟಿಯ ಹಿಂದಿನ ತನ್ನ ಜಾಗವೂ ನೆನಪಾಯಿತು. ಈಗ ಆ ಹೆಂಗಸರು ದಾರಿ ಬಿಟ್ಟು ನಿಂತಿರುತ್ತಾರೆ. ಅವಳು ತಲೆಗೆ ಕಟ್ಟಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿ, ಅದನ್ನು ಮಡಿಸಿ, ಮೇಜಿನ ಮೇಲಿಟ್ಟಳು.

“ನಾನು ಹೊಲಿಯೋದಿಲ್ಲ,” ಅಂದಳು.